ನಾಲ್ಕು ಮಾರು ವೈರು

ಏಳು ಪಿನ್ನಿನ ಸಾಕೆಟ್ಟು ಗಾಡಿ ವೈರಿಂಗಿನ ಅಂಗಡಿಗೆ ಬಂದು ಬಹಳ ದಿನವಾಗಿತ್ತು. ಹಳೆಯ ರಿಲೇಗಳನ್ನು ತುಂಬಿಡುವ ಬಿಸ್ಕತ್ತಿನ ಡಬ್ಬದ ತಳದಲ್ಲಿ, ಸುತ್ತಿದ ಕಾಗದವನ್ನೂ ಬಿಚ್ಚಿಸಿಕೊಳ್ಳದೆ, ತಣ್ಣಗೆ ಮಲಗಿತ್ತು. ಅತ್ತಿಗೆ ಕೇಳಿದಾಗಲೆಲ್ಲ ಮಿಣುಕಿ ತಲೆ ಎತ್ತದೆ, "ಇನ್ನೂ ಬಂದಿಲ್ಲ ಅತ್ತಿಗೆ," ಎನ್ನುತ್ತಿದ್ದಳು. ಅದಕ್ಕೂ ಮೊದಲು ದಪ್ಪ ವೈರು ಮುಗಿದಿದೆ ಎಂದಿದ್ದಳು. ಅದಕ್ಕೂ ಮೊದಲು, ಬೇರೆಯವರ ಗಾಡಿಗಳು ಸಾಲಾಗಿ ನಿಂತಿವೆ, ಅವು ಹೋಗಲಿ ಎಂದಿದ್ದಳು. ಸುಳ್ಳು ಹೇಳಿ ರೂಢಿಯಿಲ್ಲದವಳು. ಹೇಳಿದಾಗಲೆಲ್ಲ ಕಿವಿಯ ತುದಿ ಕೆಂಪಾಗುತ್ತಿತ್ತು. ಅತ್ತಿಗೆ ಆ ಕಿವಿಯನ್ನೊಮ್ಮೆ ನೋಡಿ, ಪಕ್ಕದ ಕೋಣೆಗೆ ಹೋಗಿ ತಮ್ಮ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದರು.

ಕೆಲಸ ಅಂಥ ಮಹಾ ಕೆಲಸವೇನಲ್ಲ. ಅತ್ತಿಗೆಯ ಎಸ್‌ಯುವಿಯ ಹಿಂದೆ ಒಂದು ಟ್ರೇಲರ್ ಕಟ್ಟಬೇಕು. ಆ ಸಾಕೆಟ್ಟಿನ ಮೂಲಕ ಟ್ರೇಲರಿನ ದೀಪಗಳು ಗಾಡಿಯ ದೀಪಗಳ ಜೊತೆಗೇ ಹತ್ತಬೇಕು. ಗಾಡಿಯ ಬ್ರೇಕು ತುಳಿದರೆ ಟ್ರೇಲರಿನ ಚಕ್ರದೊಳಗಿನ ಕರೆಂಟಿನ ಬ್ರೇಕೂ ಹಿಡಿಯಬೇಕು. ಒಂದು ದಿನ ಪಟ್ಟಾಗಿ ಕೂತರೆ ಮುಗಿಯುವಂಥದ್ದು. ಆದರೆ ಅದು ಮುಗಿದ ಮಾರನೆಯ ಬೆಳಿಗ್ಗೆ ಅತ್ತಿಗೆ, ಅವರ ಮಗಳು, ಮನೆಯ ಸಾಮಾನು, ಸೀಟ್ ಕವರ್ ಹೊಲಿಯುವ ಆ ಎರಕದ ಯಂತ್ರ, ಎಲ್ಲವೂ ಕಡಲ ಕಡೆಯ ಊರಿಗೆ ಹೊರಟುಬಿಡುತ್ತವೆ. ಅಲ್ಲಿ ಅತ್ತಿಗೆಯ ಅಕ್ಕ ದೋಣಿಗಳ ಹಾಯಿ, ಹೊದಿಕೆ ಹೊಲಿಯುವ ಕೆಲಸ ನಡೆಸುತ್ತಿದ್ದಳು. ಕೈಗೊಂದು ಕೈ ಬೇಕೆಂದು ಕರೆದಿದ್ದಳು. ಅವರು ಹೋದರೆ ಈ ಅಂಗಡಿಯಲ್ಲಿ, ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಮಿಣುಕಿಯೊಬ್ಬಳೇ. ಅಣ್ಣ ಕಳೆದ ಚಳಿಗಾಲದಲ್ಲೇ ಆಸ್ಪತ್ರೆಗೆ ಹೋದವನು ವಾಪಸ್ಸು ಬಂದಿರಲಿಲ್ಲ.

ಮಿಣುಕಿ ಎಂಬ ಹೆಸರು ಬಿದ್ದದ್ದು ಅಣ್ಣನಿಂದಲೇ. ಚಿಕ್ಕವಳಿದ್ದಾಗ ಯಾರಾದರೂ ಮಾತಾಡಿಸಿದರೆ ಉತ್ತರದ ಬದಲು ಕಣ್ಣು ಪಿಳಿಪಿಳಿ ಬಿಡುತ್ತಿದ್ದಳಂತೆ. "ಇವಳು ಇಂಡಿಕೇಟರ್ ಹಾಕ್ತಾಳೆ, ಯಾವ ಕಡೆ ತಿರುಗ್ತಾಳೆ ಅಂತ ಮಾತ್ರ ಗೊತ್ತಾಗಲ್ಲ," ಎಂದು ಅಣ್ಣ ಬಂದವರಿಗೆಲ್ಲ ಹೇಳುತ್ತಿದ್ದ. ಅಪ್ಪ ಅಮ್ಮ ಇಬ್ಬರೂ ಬೇಗ ಹೋದ ಮೇಲೆ ಮೀಸೆ ಮೂಡುವ ವಯಸ್ಸಿನ ಅಣ್ಣನೇ ಅವಳ ಜಡೆ ಹೆಣೆದು ಶಾಲೆಗೆ ಕಳಿಸಿದ. ಓದು ಮುಗಿಸಿ ಅವಳು ಬೇರೆಲ್ಲೂ ಹೋಗಲಿಲ್ಲ. ಸ್ಕ್ರೂಡ್ರೈವರ್ ಹಿಡಿದು ಅವನ ಪಕ್ಕದಲ್ಲೇ ನಿಂತಳು. ಗಿರಾಕಿಗಳ ಜೊತೆ ಅವನು ಮಾತಾಡುತ್ತಿದ್ದ, ಇವಳು ಗಾಡಿಯೊಳಗೆ ತಲೆ ತೂರಿಸುತ್ತಿದ್ದಳು. ಅವಳ ಗಂಟಲು ಹೊರಬೀಳುತ್ತಿದ್ದದ್ದು ದೀಪ ನೋಡುವಾಗ ಮಾತ್ರ. ಅಣ್ಣ ಸೀಟಿನಲ್ಲಿ ಕೂತು ಒಂದೊಂದೇ ಹಾಕುತ್ತಿದ್ದ: "ಎಡ." ಗಾಡಿಯ ಹಿಂದಿನಿಂದ ಇವಳು ಕೂಗುತ್ತಿದ್ದಳು: "ಹತ್ತಿದೆ." "ಬಲ." "ಹತ್ತಿದೆ." "ಬ್ರೇಕು." "ಹತ್ತಿದೆ." ಇವಳಿಗೂ ಬಾಯಿ ಇದೆ ಅನ್ನೋದಕ್ಕೆ ಇದೊಂದೇ ಸಾಕ್ಷಿ ಎಂದು ಅವನು ನಗುತ್ತಿದ್ದ.

ಹಾಗೆ ಬಾಯಿಯಿಲ್ಲದವಳು, ಅತ್ತಿಗೆ ಊರು ಬಿಡುವ ಮಾತೆತ್ತಿದ ದಿನ, ಊಟದ ತಟ್ಟೆಯ ಮುಂದೆ ಕೂತು ಒಂದು ಮಾತು ಆಡಿದ್ದಳು.

"ಅಣ್ಣ ಇದ್ದಿದ್ರೆ ಈ ಮಾತೆತ್ತೋಕೆ ನಿಮಗೆ ಬಾಯಿ ಬರ್ತಿತ್ತಾ?"

ಅತ್ತಿಗೆ ಕೈಯಲ್ಲಿದ್ದ ತುತ್ತು ತಿಂದು, ಎದ್ದು, ಮೂವರ ತಟ್ಟೆಯನ್ನೂ ತೊಳೆದಿಟ್ಟರು. ಅಂದಿನಿಂದ ಇಬ್ಬರ ನಡುವೆ ಮಾತು ಬೇಕಾದಷ್ಟೇ. ಉಪ್ಪು ಕೊಡು, ಬಾಗಿಲು ಹಾಕು, ಸಾಕೆಟ್ ಬಂತಾ.

ಸಾಕೆಟ್ ಬಂದದ್ದನ್ನು ಬಯಲು ಮಾಡಿದವಳು ಅಣ್ಣನ ಮಗಳು. ಅವಳಿಗೆ ಅಣ್ಣ ಇಟ್ಟ ಹೆಸರು ಹಾರ್ನು. ಹುಟ್ಟಿದ ಕೂಡಲೇ ಅವಳು ಕೂಗಿದ ಕೂಗಿಗೆ ಆಸ್ಪತ್ರೆಯ ಎದುರಿನ ಲಾರಿಯವನು ಬದಿಗೆ ಸರಿದನೆಂದು ಅಣ್ಣ ಕತೆ ಕಟ್ಟಿದ್ದ. ಸ್ಪೀಕರಿನ ಅಯಸ್ಕಾಂತ ಹುಡುಕುತ್ತ ಆ ಬಿಸ್ಕತ್ತಿನ ಡಬ್ಬ ಬೋರಲು ಹಾಕಿದ ಹಾರ್ನು, ಕಾಗದ ಬಿಚ್ಚಿ, ಬೀದಿಗೆಲ್ಲ ಕೇಳುವಂತೆ ಹೇಳಿದಳು:

"ಅತ್ತೆ, ಇದೇ ಅಲ್ವಾ ಏಳು ತೂತಿನ ಸಾಕೆಟ್ಟು? ಇಲ್ಲೇ ಇದೆಯಲ್ಲ."

ಎದುರಿನ ವೆಲ್ಡಿಂಗ್ ಶೆಡ್ಡಿನಿಂದ ಕಿಡಿ ಮಾಮ ಮುಖದ ಗುರಾಣಿ ಎತ್ತಿ ನೋಡಿದರು. ಗಾಡಿಗೆ ಟ್ರೇಲರ್ ಎಳೆಯುವ ಟೋ ಬಾರ್ ಕೂರಿಸಿದವರು, ಟ್ರೇಲರ್ ಕಟ್ಟಿದವರು ಅವರೇ. "ಸಿಕ್ತಾ? ಒಳ್ಳೇದಾಯ್ತು," ಎಂದರು. "ಟ್ರೇಲರ್ ನನ್ನ ಶೆಡ್ಡಲ್ಲೇ ಸಂಸಾರ ಹೂಡಿದೆ. ಇನ್ನೆರಡು ದಿನ ಬಿಟ್ಟಿದ್ರೆ ಬೆಕ್ಕು ಅದರಲ್ಲೇ ಮರಿ ಹಾಕ್ತಿತ್ತು."

ಅತ್ತಿಗೆ ಯಂತ್ರ ನಿಲ್ಲಿಸಿ ಬಾಗಿಲಿಗೆ ಬಂದರು. ಮಿಣುಕಿಯ ಕಿವಿ ಈಗ ತುದಿಯಿಂದ ಬುಡದವರೆಗೂ ಕೆಂಪಾಗಿತ್ತು.

"ನಾಳೆ ಬೆಳಿಗ್ಗೆ ಗಾಡಿ ಒಳಗೆ ಹಾಕ್ಲಾ?" ಎಂದರು ಅಷ್ಟೇ.

"ಹಾಕಿ," ಎಂದಳು ಮಿಣುಕಿ.

ಬೆಳಿಗ್ಗೆ ಮೊದಲು ದೀಪಗಳ ಕೆಲಸ ಹಿಡಿದಳು. ಹಿಂದಿನ ಬಂಪರಿನ ಕೆಳಗೆ ಸಾಕೆಟ್ ಕೂರಿಸಿ, ಅದರ ಒಂದು ಪಿನ್ನಿಗೆ, ಕರೆಂಟು ಗಾಡಿಯ ಮೈಗೆ ವಾಪಸ್ಸಾಗುವ ಅರ್ತ್ ಕೊಟ್ಟಳು. ಅರ್ತ್ ಕೂರುವ ಜಾಗದ ಬಣ್ಣವನ್ನು ಮರಳು ಕಾಗದದಿಂದ ಉಜ್ಜಿ, ಕಬ್ಬಿಣ ಬೆಳ್ಳಗೆ ಮಿನುಗುವವರೆಗೂ ಬಿಡಲಿಲ್ಲ. ಬಣ್ಣದ ಮೇಲೆ ಕೊಟ್ಟ ಅರ್ತ್ ಕುಡುಕನ ಭಾಷೆಯಿದ್ದಂತೆ, ಒಂದು ಗಳಿಗೆ ಇರುತ್ತದೆ, ಒಂದು ಗಳಿಗೆ ಇಲ್ಲ ಎಂದು ಅಣ್ಣ ಹೇಳುತ್ತಿದ್ದ. ಉಜ್ಜುತ್ತಿರುವಾಗ ಅವಳಿಗೊಂದು ಕೆಟ್ಟ ಯೋಚನೆ ಬಂತು. ಇದನ್ನು ಇಷ್ಟು ಉಜ್ಜದೆ ಬಿಟ್ಟರೆ? ಒಂದೂರು ದಾಟುವಷ್ಟರಲ್ಲಿ ದೀಪ ಆರುತ್ತದೆ. ಅತ್ತಿಗೆ ಗಾಡಿ ನಿಲ್ಲಿಸುತ್ತಾರೆ, ವಾಪಸ್ಸು ತಿರುಗಿಸುತ್ತಾರೆ. ಗಾಡಿಯ ಹಿಂದಿನ ಸೀಟಿನಲ್ಲಿ ಕೂರುವವಳು ಹಾರ್ನು. ಮಿಣುಕಿ ಮತ್ತಷ್ಟು ಉಜ್ಜಿದಳು, ಬೇಕಾದ್ದಕ್ಕಿಂತ ಹೆಚ್ಚೇ ಉಜ್ಜಿದಳು.

ಆಮೇಲೆ ಬ್ರೇಕಿನ ಸರದಿ. ಸ್ಟಿಯರಿಂಗಿನ ಕೆಳಗೆ ಕಂಟ್ರೋಲರ್ ಎಂಬ ಅಂಗೈಯಗಲದ ಪೆಟ್ಟಿಗೆ ಕೂರಬೇಕು. ಅಲ್ಲಿಂದ ಒಂದು ದಪ್ಪ ವೈರು ಇಡೀ ಗಾಡಿಯ ಉದ್ದಕ್ಕೂ ಹರಿದು ಹಿಂದಿನ ಸಾಕೆಟ್ಟಿಗೆ ಬರಬೇಕು. ಬ್ರೇಕು ತುಳಿದಾಗ ಟ್ರೇಲರಿನ ಚಕ್ರಗಳಿಗೆ ಹೋಗುವ ಕರೆಂಟು ಈ ಒಂದೇ ವೈರಿನ ಮೇಲೆ. ಯಂತ್ರ, ಮಂಚ, ಪಾತ್ರೆ ಎಲ್ಲ ಹೇರಿದ ಟ್ರೇಲರ್ ಇಳಿಜಾರಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕದಂತೆ ಹಿಡಿಯುವುದು ಇದೇ. ಅಣ್ಣ ಇದರಲ್ಲಿ ಕಟ್ಟುನಿಟ್ಟು. "ದೀಪದ ವೈರಿಗೆ ಬೇಕಾದ್ರೆ ಗಂಟು ಹಾಕ್ಕೋ, ಬ್ರೇಕಿನ ವೈರಿಗೆ ಬೇಡ. ಗಂಟು ಇರೋ ಕಡೆನೇ ಒಂದಿನ ಕೈ ಕೊಡೋದು."

ಡ್ರೈವರ್ ಬದಿಯ ಬಾಗಿಲುಗಳ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯನ್ನು ಅವಳು ಮೆಲ್ಲಗೆ ಎತ್ತಿದಳು. ಕ್ಲಿಪ್ಪುಗಳು ಒಂದೊಂದಾಗಿ ಟಕ್ ಟಕ್ ಎಂದು ಬಿಟ್ಟುಕೊಂಡವು. ಗಾಡಿಯ ಜೊತೆಗೇ ಬಂದ ಕಪ್ಪು ವೈರುಗಳ ಕಂತೆ ಕಂಡಿತು. ಅದರ ಪಕ್ಕದಲ್ಲಿ, ಅಲ್ಲಿರಬಾರದ ಒಂದು ನೀಲಿ ವೈರು.

ದಪ್ಪ ವೈರು. ಅವಳ ಕೈಯಲ್ಲಿದ್ದ ಸುರುಳಿಯದೇ ದಪ್ಪ, ಅದೇ ನೀಲಿ. ಗೇಣಿಗೊಂದರಂತೆ ಬಟ್ಟೆ ಟೇಪು ಸುತ್ತಿ ಕಂತೆಗೆ ಕಟ್ಟಿದ್ದರು. ಒಂದೊಂದು ಟೇಪಿನ ತುದಿಯನ್ನೂ ಒಳಕ್ಕೆ ಮಡಚಿ, ಎಳೆಯಲು ಹಿಡಿ ಸಿಗುವ ಹಾಗೆ, ಪುಟ್ಟದೊಂದು ಕಿವಿ ಬಿಟ್ಟಿದ್ದರು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಟೇಪಿಗೆ ಕಿವಿ ಬಿಡುವವನು ಊರಲ್ಲಿ ಒಬ್ಬನೇ ಇದ್ದ. ಮುಂದೆ ಬಿಚ್ಚುವವನು ಯಾರೋ, ಅವನು ಉಗುರು ಮುರಿದುಕೊಂಡು ನಮ್ಮನ್ನು ಬೈಯಬಾರದು ಎಂದು ಅವಳಿಗೂ ಕಲಿಸಿದ್ದ. ಮುಂದೆ ಬಿಚ್ಚುವವಳು ತಾನೇ ಆಗಿದ್ದಳು.

ಬೆರಳಲ್ಲೇ ದಾರಿ ಹಿಡಿದು ಹೋದಳು. ಮುಂದಿನ ತುದಿ ಸ್ಟಿಯರಿಂಗಿನ ಕೆಳಗೆ ಸುತ್ತಿಕೊಂಡು ಕಾದಿತ್ತು. ಅಲ್ಲಿ ಕಂಟ್ರೋಲರಿಗೆಂದು ಕೊರೆದ ಎರಡು ಸಣ್ಣ ತೂತುಗಳೂ ಇದ್ದವು. ಹಿಂದಿನ ತುದಿ ಸೀಟಿನ ಕೆಳಗಿಂದ ಹಾದು ಸಾಮಾನಿಡುವ ಜಾಗದ ಮ್ಯಾಟಿನಡಿ ಬಂದು ನಿಂತುಬಿಟ್ಟಿತ್ತು. ಎಳೆದು ನೇರ ಮಾಡಿ ಸಾಕೆಟ್ಟಿನ ಕಡೆಗೆ ಹಿಡಿದಳು. ಮುಟ್ಟಲಿಲ್ಲ. ಒಂದು ಮೊಳ ಕಡಿಮೆ.

ಆ ಒಂದು ಮೊಳ ನೋಡಿದ ಕೂಡಲೇ ಅವಳಿಗೆ ಎಲ್ಲ ನೆನಪಾಯಿತು.

ಅಂಗಡಿಯಲ್ಲಿ ಅಳತೆಯ ಪಟ್ಟಿ ಇತ್ತು; ಆದರೆ ವೈರು ಅಳೆಯುತ್ತಿದ್ದದ್ದು ಮಾರಿನಲ್ಲಿ. ಎರಡೂ ಕೈ ಅಗಲಕ್ಕೆ ಚಾಚಿ, ಬೆರಳಿಂದ ಬೆರಳಿಗೆ ಒಂದು ಮಾರು. ಅಣ್ಣ ಉದ್ದಾಳು, ಕೈ ಚಾಚಿದರೆ ಬಾಗಿಲಿನ ಎರಡೂ ಚೌಕಟ್ಟು ಮುಟ್ಟಿದ ಹಾಗೆ. ಮಿಣುಕಿ ಗಿಡ್ಡಿ. "ನಿನ್ನದು ಮಾರಲ್ಲ ಕಣೆ, ಮುಕ್ಕಾಲು," ಎಂದು ಗೇಲಿ ಮಾಡುತ್ತಿದ್ದ. ಆದ್ದರಿಂದ ಗಾಡಿಯ ಕೆಳಗಿನಿಂದ ಅವನು ವೈರು ಕೇಳುವಾಗ ಬಾಲಕ್ಕೆ ಒಂದು ಮಾತು ಯಾವಾಗಲೂ ಇರುತ್ತಿತ್ತು: "ಎರಡು ಮಾರು ಕೊಡು, ಮೊಳ ಸೇರ್ಸು." "ಮೂರು ಮಾರು, ಮೊಳ ಸೇರ್ಸು."

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಇದೇ ಗಾಡಿಯ ಡ್ಯಾಶ್‌ಬೋರ್ಡಿನಡಿ ಅವನು ಅಂಗಾತ ಮಲಗಿದ್ದ. ಬಾಗಿಲಿನಾಚೆ ಕಾಲು ಮಾತ್ರ ಕಾಣುತ್ತಿತ್ತು.

"ಮಿಣುಕಿ, ದಪ್ಪದ್ರಲ್ಲಿ ನಾಲ್ಕು ಮಾರು ಕೊಡು."

"ಯಾವ ಗಾಡಿಗೆ?"

"ಯಾವುದೋ ಒಂದಕ್ಕೆ. ನಿನಗ್ಯಾಕೆ, ಕೊಡು."

ಮೊಳ ಸೇರಿಸು ಎನ್ನಲಿಲ್ಲ. ಇವಳೂ ಸೇರಿಸಲಿಲ್ಲ. ಇವಳ ಕೈಯಲ್ಲಿ ನಾಲ್ಕು ಮಾರು ಅಳೆದು, ಕತ್ತರಿಸಿ, ಆ ಕಾಲುಗಳ ಪಕ್ಕದಲ್ಲಿಟ್ಟು, ತನ್ನ ಕೆಲಸಕ್ಕೆ ಹೋಗಿದ್ದಳು.

"ಅತ್ತಿಗೆ," ಎಂದು ಕರೆದಳು.

ಅತ್ತಿಗೆ ಬಂದರು. ಬೆರಳಿಗೆ ಹಾಕಿದ್ದ ಹೊಲಿಗೆಯ ಟೋಪಿ ಹಾಗೇ ಇತ್ತು. ಮಿಣುಕಿಯ ಮಡಿಲಲ್ಲಿದ್ದ ನೀಲಿ ವೈರನ್ನು ನೋಡಿದರು. ಬಾಗಿಲು ಹಿಡಿದು ಗಾಡಿಯ ಮೆಟ್ಟಿಲ ಮೇಲೆ ಕೂತರು.

"ಇದನ್ನ ನಾನು ಮರ್ತೇ ಬಿಟ್ಟಿದ್ದೆ," ಎಂದರು. "ಇಲ್ಲದಿದ್ರೆ ನಿನ್ನ ಕೈಗೆ ಈ ಗಾಡಿ ಕೊಡ್ತಿರ್ಲಿಲ್ಲ. ಬೇರೆ ಯಾರ ಹತ್ರಾನಾದ್ರೂ ಮಾಡಿಸ್ಕೋತಿದ್ದೆ."

"ಅಣ್ಣ ಹಾಕಿದ್ದು."

"ಹೂಂ."

"ಟ್ರೇಲರ್ ಕಟ್ಟೋಕೆ."

"ಹೂಂ."

"ಹಾಗಾದ್ರೆ ಊರು ಬಿಡೋ ಯೋಚನೆ ನಿಮ್ಮದಲ್ಲ."

ಅತ್ತಿಗೆ ಬೆರಳ ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. "ಮೊದಲು ಅಂದವರು ಅವರು. ಆಮೇಲೆ ನನಗೂ ಆಸೆ ಹತ್ತಿತು. ಅಕ್ಕ ಕರೀತಾನೇ ಇದ್ಲು. ದೋಣಿಗೂ ದೀಪ ಬೇಕಲ್ಲ, ವೈರಿಂಗ್ ಮಾಡ್ಕೊಂಡು ಇರ್ತೀನಿ ಅಂದ್ರು ನಿಮ್ಮಣ್ಣ. ಕಿಡಿ ಮಾಮನಿಗೆ ಟ್ರೇಲರ್ ಹೇಳಿದ್ದೂ ಅವರೇ. ಯಾರಿಗೂ ಬಾಯಿ ಬಿಡ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ರು."

ಮಿಣುಕಿ ವೈರಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಎದುರು ಶೆಡ್ಡಿನಲ್ಲಿ ಕಬ್ಬಿಣ ಕೊಯ್ಯುವ ಸದ್ದು ಎದ್ದು, ನಿಂತಿತು.

"ನನ್ನನ್ನೂ ಕರೀಬಹುದಿತ್ತು," ಎಂದಳು.

ಅತ್ತಿಗೆ ಎದುರಿನ ಶೆಡ್ಡಿನ ಕಡೆ ನೋಡಿದರು. ಸುಳ್ಳು ಹುಡುಕುತ್ತಿದ್ದಾರೆ, ಸಿಗುತ್ತಿಲ್ಲ ಎಂದು ಮಿಣುಕಿಗೆ ಗೊತ್ತಾಯಿತು.

"ಹೇಳಿ ಅತ್ತಿಗೆ. ಪರವಾಗಿಲ್ಲ."

"ನಾನೂ ಅದನ್ನೇ ಕೇಳಿದೆ. ಅವಳನ್ನೂ ಕರ್ಕೊಂಡು ಹೋಗೋಣ, ಒಬ್ಬಳನ್ನೇ ಹೇಗೆ ಬಿಡೋದು ಅಂತ. 'ಕರೆದ್ರೆ ಬಂದೇ ಬರ್ತಾಳೆ, ಅದೇ ಕಷ್ಟ' ಅಂದ್ರು."

ಮಿಣುಕಿ ಕಣ್ಣು ಪಿಳುಕಿಸಿದಳು.

"ಬೇಜಾರು ಮಾಡ್ಕೋಬೇಡ. ನಿನ್ನ ಒಳ್ಳೇದಕ್ಕೇ ಹಾಗಂದ್ರು ಅಂತ ಹೇಳಿದ್ರೆ ಅದು ಬೆಣ್ಣೆ ಹಚ್ಚಿದ ಮಾತಾಗತ್ತೆ. ಅವರಿಗೆ ಸಾಕಾಗಿತ್ತು. ಆಡೋ ವಯಸ್ಸಲ್ಲಿ ಮನೆ ಹೊತ್ರು, ಅಂಗಡಿ ಹೊತ್ರು, ನಿನ್ನ ಬಾಯಿ ಕೂಡ ಅವರೇ ಆಗಿದ್ರು. ಒಂದು ಸಲ, ಒಂದೇ ಸಲ, ಯಾರಿಗೂ ಅಣ್ಣ ಆಗದೆ ಇರ್ಬೇಕು ಅನ್ನಿಸಿತ್ತು ಅವರಿಗೆ. ನಿನ್ನ ಮೇಲೆ ಪ್ರೀತಿ ಇರ್ಲಿಲ್ಲ ಅಂತಲ್ಲ. ಪ್ರೀತಿ ಇದ್ದಿದ್ದಕ್ಕೇ ಹೇಳೋಕಾಗದೆ ಒದ್ದಾಡಿದ್ದು."

"ಮತ್ತೆ ಯಾಕೆ ಹೋಗ್ಲಿಲ್ಲ?"

ಅತ್ತಿಗೆಯ ಮುಖದಲ್ಲಿ ನಗುವಿನಂಥದ್ದೊಂದು ಬಂದು ಹೋಯಿತು. "ವೈರು ಗಿಡ್ಡ ಆಯ್ತು ಅಂದ್ರು. ಅಂಗಡಿ ತುಂಬ ವೈರಿದೆ, ಇನ್ನೊಂದು ಕತ್ತರಿಸ್ಕೊಳ್ಳಿ ಅಂದೆ. 'ಮತ್ತೆ ಕೇಳಿದ್ರೆ ಮಿಣುಕಿ ಯಾಕೆ ಅಂತಾಳೆ. ನಾಳೆ ಹೇಳ್ತೀನಿ, ಹೇಳಿಬಿಟ್ಟು ಹಾಕ್ತೀನಿ' ಅಂದ್ರು. ಆ ನಾಳೆ ಬರ್ಲೇ ಇಲ್ಲ. ಒಂದಿನ ಗಿರಾಕಿ ಬಂದ್ರು, ಒಂದಿನ ನಿನಗೆ ಜ್ವರ. ಆಮೇಲೆ ಅವರಿಗೇ ಹೊಟ್ಟೆನೋವು ಶುರುವಾಯ್ತಲ್ಲ."

ಮುಕ್ಕಾಲು ಮಾರು ಎಂದು ಮಿಣುಕಿ ಮನಸ್ಸಿನಲ್ಲೇ ಹೇಳಿಕೊಂಡಳು. ತನ್ನ ಗಿಡ್ಡ ಕೈ ಅವನನ್ನು ಒಂದು ಬೇಸಿಗೆ ಪೂರ್ತಿ ಇಲ್ಲಿ ಹಿಡಿದು ನಿಲ್ಲಿಸಿತ್ತು. ಅವನು ಕಡಲು ನೋಡಲಿಲ್ಲ. ಅದನ್ನು ದುಃಖ ಎನ್ನಬೇಕೋ, ಅವನ ಜೊತೆ ಸಿಕ್ಕ ಕೊನೆಯ ಬೇಸಿಗೆ ಎನ್ನಬೇಕೋ ತಿಳಿಯಲಿಲ್ಲ.

"ಅವತ್ತು ಊಟದ ಹೊತ್ತಿಗೆ ನಾನು ಹಾಗಂದಾಗ, ನೀವು ಯಾಕೆ ಸುಮ್ಮನಿದ್ರಿ?"

"ಏನು ಹೇಳ್ಲಿ? ಹೋದವರ ತಲೆಗೆ ಕಟ್ಲಾ? ನಿನಗೆ ಅಂತ ಉಳಿದಿದ್ದು ನಿಮ್ಮಣ್ಣ ಒಬ್ರೇ. ನನ್ನ ಮೇಲೆ ಸಿಟ್ಟು ತಾನೇ, ಇರ್ಲಿ, ಹೊತ್ಕೊಂಡು ಹೋಗ್ತೀನಿ ಅನ್ಕೊಂಡೆ." ಅತ್ತಿಗೆ ಮೂಗೊರೆಸಿಕೊಂಡರು. "ಹೇಗೂ ಟ್ರೇಲರ್ ಇದೆ."

ಮಿಣುಕಿಗೆ ನಗು ಬಂತು. ಬಂದ ನಗು ಅರ್ಧದಲ್ಲೇ ದಾರಿ ತಪ್ಪಿತು. ವೈರು ಮಡಿಲಲ್ಲಿಟ್ಟುಕೊಂಡೇ ಅತ್ತಳು. ಅಣ್ಣ ಹೋದ ದಿನವೂ ಹೀಗೆ ಅತ್ತಿರಲಿಲ್ಲ. ಅತ್ತಿಗೆ ತಾವು ಕೂತ ಮೆಟ್ಟಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದರು, ಇವಳು ಎದ್ದು ಹೋಗಿ ಅಲ್ಲಿ ಕೂತಳು.

"ಅವರು ಕರೀಲಿಲ್ಲ. ನಾನು ಕರೀತಿದ್ದೀನಿ," ಎಂದರು ಅತ್ತಿಗೆ. "ನಮ್ಮ ಜೊತೆ ಬಾ."

ಮಿಣುಕಿ ಅಂಗಡಿಯ ಒಳಗೆ ನೋಡಿದಳು. ಗೋಡೆಯ ಮೊಳೆಗಳಲ್ಲಿ ತೂಗುವ ಸುರುಳಿಗಳು, ಅಣ್ಣನ ಭುಜ ತಾಗಿ ತಾಗಿ ಬಣ್ಣ ಹೋದ ಬಾಗಿಲು, ಹೊರಗೆ ತಮ್ಮ ಸರದಿಗೆ ಕಾದ ಎರಡು ಗಾಡಿ. ಕರೆದರೆ ಬಂದೇ ಬರುತ್ತಾಳೆ. ಹೌದು, ಬರುತ್ತಿದ್ದಳು. ನಿನ್ನೆ ಕರೆದಿದ್ದರೂ ಚಪ್ಪಲಿ ಹುಡುಕುತ್ತಿದ್ದಳು.

"ಬ್ರೇಕಿನ ವೈರು ಇನ್ನೂ ಹಾಕಿಲ್ಲ ಅತ್ತಿಗೆ," ಎಂದಳು. "ಅದು ಮುಗಿಸ್ತೀನಿ."

ಅತ್ತಿಗೆ ಅವಳ ಮುಖ ನೋಡಿದರು. ಮತ್ತೆ ಕರೆಯಲಿಲ್ಲ.

ವೈರಿಗೆ ಒಂದು ಮೊಳ ಗಂಟು ಹಾಕಿ ಉದ್ದ ಮಾಡಿದರೆ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು. ಅವನ ಕೈ ಎಳೆದದ್ದು ಎಳೆದಲ್ಲೇ ಉಳಿಯುತ್ತಿತ್ತು. ಆದರೆ ಬ್ರೇಕಿನ ವೈರಿಗೆ ಗಂಟು ಬೇಡವೆಂದವನೂ ಅವನೇ. ಗಂಟು ಹಾಕಲು ಅವನಿಗೂ ಬರುತ್ತಿತ್ತು, ಅವನು ಹಾಕಿರಲಿಲ್ಲ. ಮಿಣುಕಿ ಮೊದಲ ಟೇಪಿನ ಕಿವಿ ಹಿಡಿದು ಎಳೆದಳು. ಸುಲಭವಾಗಿ ಬಿಟ್ಟಿತು, ಉಗುರಿಗೆ ಏನೂ ಆಗಲಿಲ್ಲ. ಎರಡನೆಯದು. ಮೂರನೆಯದು. ಬಿಚ್ಚಿದ ಟೇಪಿನ ತುಂಡುಗಳನ್ನು ಬಿಸಾಡಲು ಮನಸ್ಸಾಗದೆ ಅಂಗಿಯ ತೋಳಿಗೆ ಅಂಟಿಸಿಕೊಳ್ಳುತ್ತ ಹೋದಳು. ಕೊನೆಗೆ ಇಡೀ ವೈರು ಅವಳ ಕೈಗೆ ಬಂತು. ಎದ್ದು ನಿಂತು ತೋಳು ಚಾಚಿ ಅಳೆದಳು. ನಾಲ್ಕು ಮಾರು, ಅವಳದೇ ನಾಲ್ಕು ಮಾರು. ಒಂದು ಬೆರಳೂ ಹೆಚ್ಚಿಲ್ಲ, ಕಡಿಮೆಯಿಲ್ಲ.

ಹೊಸ ಸುರುಳಿಯಿಂದ ಮತ್ತೆ ನಾಲ್ಕು ಮಾರು ಅಳೆದಳು. "ಮೊಳ ಸೇರ್ಸು," ಎಂದು ತನಗೆ ತಾನೇ ಹೇಳಿಕೊಂಡು, ಒಂದು ಮೊಳ ಸೇರಿಸಿ, ಅದರ ಮೇಲೊಂದು ಗೇಣು ಸೇರಿಸಿ ಕತ್ತರಿಸಿದಳು. ಗೇಣಿಗೊಂದು ಟೇಪು, ಟೇಪಿಗೊಂದು ಕಿವಿ. ಸಾಕೆಟ್ಟನ್ನು ಮುಟ್ಟಿ ಇನ್ನೂ ಸ್ವಲ್ಪ ಉಳಿಯಿತು.

ಬ್ಯಾಟರಿಯಿಂದ ಕಂಟ್ರೋಲರಿಗೆ ಕರೆಂಟು ತರುವ ವೈರು ಬಾಕಿಯಿತ್ತು. ಅದಕ್ಕೂ ಇದೇ ದಪ್ಪದ್ದು ಬೇಕು. ಉದ್ದ ಮಾತ್ರ ಅರ್ಧ ಸಾಕು. ಮಿಣುಕಿ ಸುರುಳಿಗೆ ಕೈ ಹಾಕಿದವಳು ಹಿಂದಕ್ಕೆ ತೆಗೆದಳು. ಬೆಂಚಿನ ಮೇಲಿದ್ದ ಅಣ್ಣನ ವೈರನ್ನು ಮೂಗಿನ ಹತ್ತಿರ ಹಿಡಿದು, ಎಲ್ಲಾದರೂ ಸುಲಿದಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಉದ್ದಕ್ಕೂ ನೋಡಿದಳು. ಗಟ್ಟಿಯಾಗಿತ್ತು. ಬೇಕಾದಷ್ಟು ಕತ್ತರಿಸಿ, ಇದು ಬ್ಯಾಟರಿಯ ವೈರೆಂದು ಮುಂದಿನವರಿಗೆ ತಿಳಿಯಲು ಎರಡೂ ತುದಿಗೆ ಕೆಂಪು ಟೇಪು ಸುತ್ತಿ, ಎಂಜಿನ್ನಿನ ಹಿಂದಿನ ರಬ್ಬರ್ ಬುಷ್ಷಿನ ತೂತಿನಲ್ಲಿ ತೂರಿಸಿದಳು. ಎಲ್ಲೂ ಗಂಟಿಲ್ಲ. ಕಂಟ್ರೋಲರಿನ ಸ್ಕ್ರೂಗಳನ್ನು ಅವನು ಕೊರೆದ ತೂತುಗಳಲ್ಲೇ ತಿರುಗಿಸಿದಳು.

"ಉಳಿದ ತುಂಡು?" ಎಂದು ಅತ್ತಿಗೆ ಕೇಳಿದರು.

"ನನಗಿರ್ಲಿ."

ಸಂಜೆಗೆ ಕಿಡಿ ಮಾಮ ಟ್ರೇಲರನ್ನು ದೂಡಿಕೊಂಡು ಬಂದು ಗಾಡಿಗೆ ಕಟ್ಟಿದರು. ಮಿಣುಕಿ ಅದರ ಮೂತಿಯ ಹತ್ತಿರ ಒಂದು ಪುಟ್ಟ ಬ್ಯಾಟರಿ ಕೂರಿಸಿ, ಉಕ್ಕಿನ ಹುರಿ ಕಟ್ಟಿದ ಪಿನ್ನೊಂದನ್ನು ಅದರ ಸ್ವಿಚ್ಚಿಗೆ ಸಿಕ್ಕಿಸಿ, ಹುರಿಯ ಇನ್ನೊಂದು ತುದಿಯನ್ನು ಗಾಡಿಗೆ ಬಿಗಿದಳು. ಹಾರ್ನು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು.

"ಇದು ಯಾಕೆ ಅತ್ತೆ?"

"ದಾರೀಲಿ ಟ್ರೇಲರ್ ಏನಾದ್ರೂ ಗಾಡಿಯಿಂದ ಕಳಚ್ಕೊಂಡ್ರೆ, ಈ ಪಿನ್ನು ಎಳೆದುಹೋಗತ್ತೆ. ಆಗ ಟ್ರೇಲರ್ ತಾನೇ ಬ್ರೇಕು ಹಿಡ್ಕೊಂಡು ನಿಂತುಬಿಡತ್ತೆ."

"ಯಾರೂ ತುಳೀದೇನೇ?"

"ಯಾರೂ ತುಳೀದೇನೇ."

ಹಾರ್ನು ಆ ಪಿನ್ನನ್ನು ಬಹಳ ಹೊತ್ತು ನೋಡುತ್ತ ಕೂತಳು. ಅವಳು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡದ್ದನ್ನು ಯಾರಾದರೂ ಗಮನಿಸಬೇಕಿತ್ತು.

ಆಮೇಲೆ ಪರೀಕ್ಷೆ. ಅತ್ತಿಗೆ ಸೀಟಿನಲ್ಲಿ, ಮಿಣುಕಿ ಟ್ರೇಲರಿನ ಹಿಂದೆ. ಹಾರ್ನುವಿನ ಕೈಗೆ ಅಣ್ಣನ ಹಳೆಯ ದಿಕ್ಸೂಚಿ ಕೊಟ್ಟು ಚಕ್ರದ ಪಕ್ಕ ಕೂರಿಸಿದರು. ಬ್ರೇಕಿನ ಅಯಸ್ಕಾಂತಕ್ಕೆ ಕರೆಂಟು ಬಂದರೆ ಮುಳ್ಳು ಅತ್ತ ತಿರುಗುತ್ತದೆ.

"ಎಡ," ಎಂದರು ಅತ್ತಿಗೆ. ಅವರಿಗೆ ಅಭ್ಯಾಸವಿಲ್ಲ, ಮೆಲ್ಲಗೆ ಹೇಳಿದರು.

"ಹತ್ತಿದೆ," ಎಂದು ಮಿಣುಕಿ ಕೂಗಿದಳು.

"ಬಲ."

"ಹತ್ತಿದೆ."

"ಬ್ರೇಕು."

"ತಿರುಗ್ತು," ಎಂದಳು ಹಾರ್ನು ಚಕ್ರದ ಪಕ್ಕದಿಂದ, ತನ್ನ ಮಾಮೂಲಿ ಗಂಟಲಿನ ಕಾಲುಭಾಗದಲ್ಲಿ.

ಬೀದಿಯ ತುದಿಯವರೆಗೆ ನಿಧಾನ ಓಡಿಸಿ, ಚಕ್ರ ಜಾರದ ಹಾಗೆ, ಗಾಡಿಯನ್ನು ನೂಕದ ಹಾಗೆ ಬ್ರೇಕಿನ ಜೋರು ಹೊಂದಿಸಿದರು. ಎಲ್ಲಿಯೂ ಒಂದು ತಪ್ಪಿರಲಿಲ್ಲ. ಇಷ್ಟು ಚೆನ್ನಾಗಿ ಮಾಡಿದ ಕೆಲಸ ತನ್ನ ಕೈಯಿಂದ ಇದುವರೆಗೆ ಆಗಿರಲಿಲ್ಲ ಎಂದು ಮಿಣುಕಿಗೆ ಅನ್ನಿಸಿತು. ಅದರಿಂದ ಸಂತೋಷವಾಗಲಿಲ್ಲ.

ಬೆಳಿಗ್ಗೆ ಸಾಮಾನು ಹೇರಿದರು. ಹೊಲಿಗೆ ಯಂತ್ರವನ್ನು ನಾಲ್ಕು ಜನ ಎತ್ತಿ ಚಕ್ರಗಳ ಮೇಲೆ ಸರಿಯಾಗಿ ಭಾರ ಬೀಳುವ ಹಾಗೆ ಇಟ್ಟರು. "ಇದನ್ನ ಹೊತ್ತ ಮೇಲೆ ನನ್ನ ಸೊಂಟಕ್ಕೂ ಒಂದು ವೈರಿಂಗ್ ಮಾಡಿಕೊಡವ್ವ," ಎಂದರು ಕಿಡಿ ಮಾಮ. ಯಾರೂ ನಗದಿದ್ದರೂ ಅವರೇ ನಕ್ಕು, ಹಗ್ಗ ಬಿಗಿದರು. ಅತ್ತಿಗೆ ಮಿಣುಕಿಯ ಎರಡೂ ಕೈ ಹಿಡಿದು ನಿಂತರು. "ಹೊತ್ತಿಗೆ ಸರಿಯಾಗಿ ಊಟ ಮಾಡು," ಎಂದಷ್ಟೇ ಹೇಳಿ ಗಾಡಿ ಹತ್ತಿದರು.

ಎಂಜಿನ್ನು ಶುರುವಾಯಿತು. ಗಾಡಿ ಒಂದು ಹೆಜ್ಜೆ ಮುಂದೆ ಹೋಗಿ ಜಗ್ಗಿತು, ನಿಂತಿತು. ಮತ್ತೆ ಜಗ್ಗಿತು. ಟ್ರೇಲರಿನ ಚಕ್ರಗಳು ತಿರುಗುತ್ತಿರಲಿಲ್ಲ. ಮಣ್ಣಿನಲ್ಲಿ ಗೆರೆ ಎಳೆದವು.

ಅತ್ತಿಗೆ ಕಿಟಕಿಯಿಂದ ತಲೆ ಹೊರಹಾಕಿ ಮಿಣುಕಿಯನ್ನು ನೋಡಿದರು. ಕಿಡಿ ಮಾಮನೂ ನೋಡಿದರು. ಸಾಕೆಟ್ಟಿನ ಸುಳ್ಳು ಇಬ್ಬರಿಗೂ ಗೊತ್ತಿತ್ತು. ಮಿಣುಕಿಯ ಕಿವಿ ಕೆಂಪಾಯಿತು. ಈ ಸಲ ಅವಳು ಏನೂ ಮಾಡಿರಲಿಲ್ಲ.

"ಒಂದ್ನಿಮಿಷ," ಎಂದು ಟ್ರೇಲರಿನ ಮೂತಿಯ ಹತ್ತಿರ ಬಗ್ಗಿದಳು. ಉಕ್ಕಿನ ಹುರಿ ಒಂದೇ ಜೋತಾಡುತ್ತಿತ್ತು. ಅದರ ತುದಿಯ ಕೊಂಡಿ ಬಿಚ್ಚಿತ್ತು. ಸ್ವಿಚ್ಚಿನಲ್ಲಿ ಪಿನ್ನಿರಲಿಲ್ಲ.

ಅವಳು ಗಾಡಿಯ ಹಿಂದಿನ ಬಾಗಿಲಿಗೆ ಹೋದಳು. ಹಾರ್ನು ದಿಂಬುಗಳ ನಡುವೆ ನೆಟ್ಟಗೆ ಕೂತು ಎದುರಿನ ಸೀಟನ್ನೇ ನೋಡುತ್ತಿದ್ದಳು. ಬಲಗೈ ಮುಷ್ಟಿ ಬಿಗಿಯಾಗಿತ್ತು, ಬೆರಳ ಗಿಣ್ಣುಗಳು ಬೆಳ್ಳಗಾಗಿದ್ದವು.

"ಹಾರ್ನು," ಎಂದಳು ಮಿಣುಕಿ ಮೆಲ್ಲಗೆ.

ಹಾರ್ನು ತಿರುಗಲಿಲ್ಲ. "ಕಳಚ್ಕೊಂಡ್ರೆ ತಾನೇ ನಿಂತುಬಿಡತ್ತೆ ಅಂದ್ಯಲ್ಲ ಅತ್ತೆ," ಎಂದಳು. ಅವಳ ಗಂಟಲು ಅಷ್ಟು ಸಣ್ಣಗಾಗಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ.

ಮಿಣುಕಿ ಬಾಗಿಲ ಅಂಚು ಹಿಡಿದು ನಿಂತಳು. ಆ ಮುಷ್ಟಿ ಹಾಗೇ ಇರಲಿ ಎಂದು ಅವಳಿಗೂ ಅನ್ನಿಸಿತು.

"ಹಾಗೇ ಬಿಟ್ರೆ ಬ್ಯಾಟರಿ ಖಾಲಿಯಾಗತ್ತೆ ಕಂದ," ಎಂದಳು. "ಆಮೇಲೆ ನಿಜವಾಗ್ಲೂ ಬೇಕಾದಾಗ ಬ್ರೇಕು ಇರಲ್ಲ. ಕೊಡು."

ಹಾರ್ನು ಮುಷ್ಟಿ ಬಿಡಲಿಲ್ಲ. ಮಿಣುಕಿ ಒಂದೊಂದೇ ಬೆರಳು ಬಿಡಿಸಿದಳು. ಪಿನ್ನು ಬೆವರಿನಿಂದ ಒದ್ದೆಯಾಗಿತ್ತು. ನಿನ್ನೆಯದೇ ಅಂಗಿಯ ತೋಳಿಗೆ ಅಂಟಿಸಿಕೊಂಡಿದ್ದ ಹಳೆಯ ಟೇಪುಗಳಲ್ಲೊಂದು, ರಾತ್ರಿ ಕಳೆದರೂ, ಉದುರಿರಲಿಲ್ಲ. ಅದನ್ನು ಕಿತ್ತು, ಕಿವಿಯ ಸಮೇತ, ಆ ಪುಟ್ಟ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ಇದೇನು?"

"ನಿಮ್ಮಪ್ಪ ಸುತ್ತಿದ್ದು. ಇದನ್ನ ಇಟ್ಕೋ."

ಅವಳೇ ಹೋಗಿ ಪಿನ್ನನ್ನು ಹುರಿಯ ಕೊಂಡಿಗೆ ಸೇರಿಸಿ, ಸ್ವಿಚ್ಚಿಗೆ ಒತ್ತಿದಳು. ಚಕ್ರದೊಳಗೆ ಹಿಡಿದುಕೊಂಡದ್ದು ಏನೋ ಸಣ್ಣಗೆ ಸದ್ದು ಮಾಡಿ ಬಿಟ್ಟುಕೊಂಡಿತು. "ಹೋಗಿ ಅತ್ತಿಗೆ," ಎಂದಳು.

ಟ್ರೇಲರ್ ಹಗುರಾಗಿ ಹೊರಟಿತು. ಬೀದಿಯ ತುದಿಯಲ್ಲಿ ನಿಧಾನವಾಯಿತು. ಬ್ರೇಕಿನ ಕೆಂಪು ಎರಡೂ ಕಡೆ ಹತ್ತಿತು, ಆಮೇಲೆ ಎಡಗಡೆಯ ದೀಪ ಮಿಣುಕತೊಡಗಿತು.

"ಹತ್ತಿದೆ," ಎಂದು ಮಿಣುಕಿ ಕೂಗಿದಳು. ಗಾಡಿಯ ಹಿಂದೆ ನಿಂತಾಗ ಕೂಗುವಷ್ಟೇ ಜೋರಾಗಿ.

ಎದುರು ಶೆಡ್ಡಿನಲ್ಲಿ ಕಿಡಿ ಮಾಮ ಮುಖದ ಗುರಾಣಿ ಕೆಳಗೆಳೆದುಕೊಂಡು, ಏನನ್ನೂ ಬೆಸೆಯದೆ, ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು.

ಅವಳು ಒಳಗೆ ಬಂದಳು. ಕಾದಿದ್ದ ಎರಡು ಗಾಡಿಗಳಲ್ಲಿ ಒಂದರ ಯಜಮಾನ ಬಾಗಿಲಲ್ಲಿ ನಿಂತು, "ಅಣ್ಣ ಇಲ್ವಾ?" ಎಂದು ಕೇಳಿದ. ಹೊಸಬ, ಪಾಪ, ಅವನಿಗೆ ಗೊತ್ತಿರಲಿಲ್ಲ.

ಮಿಣುಕಿ ಕಣ್ಣು ಪಿಳುಕಿಸಿದಳು. "ಇಲ್ಲ," ಎಂದಳು. "ನಾನಿದ್ದೀನಿ. ಗಾಡಿಗೆ ಏನಾಗಿದೆ, ಹೇಳಿ."